ಕೊಬ್ಬಿನ ಪೊರೆ ದಾಟಿ ನೀರು ಒಳಗೆ ಹೋಗುವುದು ಹೇಗೆ?

ಪ್ರಶ್ನೆ: ಜೀವಕೋಶದ ಪೊರೆ ಕೊಬ್ಬಿನಿಂದ ಆಗಿದೆ ಅಂತ ಓದಿದೆ. ಕೊಬ್ಬಿಗೂ ನೀರಿಗೂ ಆಗಿಬರುವುದಿಲ್ಲ ಅಲ್ವಾ? ಮತ್ತೆ ಕೋಶದೊಳಗೆ ನೀರು ಹೇಗೆ ಹೋಗುತ್ತದೆ? ತೂತು ಇದ್ದರೆ ಬೇರೆಯದೆಲ್ಲ ನುಗ್ಗಿಬಿಡುವುದಿಲ್ಲವೇ?

ಉತ್ತರ: ಅನುಮಾನ ಸರಿಯಾಗಿಯೇ ಇದೆ. ವಿಜ್ಞಾನಿಗಳನ್ನೂ ಇದು ಬಹಳ ವರ್ಷ ಕಾಡಿತ್ತು.

ಪೊರೆಯಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಹಾಗಾಗಿ ನೀರಿನಲ್ಲಿ ಬಿಟ್ಟರೆ ಅವು ತಾವಾಗಿಯೇ ಎರಡು ಪದರವಾಗಿ ನಿಂತು ಬಾಲಗಳನ್ನು ನಡುವೆ ಬಚ್ಚಿಟ್ಟುಕೊಳ್ಳುತ್ತವೆ. ಇಷ್ಟೆಲ್ಲ ಸೇರಿ ದಪ್ಪ 10 ನ್ಯಾನೋಮೀಟರ್ ಒಳಗೇ. ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಇದರಲ್ಲಿ ಸಲೀಸಾಗಿ ದಾಟುತ್ತವೆ. ನೀರೂ ಸ್ವಲ್ಪ ನುಸುಳುತ್ತದೆ, ಆದರೆ ಕೆಂಪು ರಕ್ತಕಣದಲ್ಲೋ ಮೂತ್ರಪಿಂಡದಲ್ಲೋ ನೀರು ಹರಿಯುವ ವೇಗಕ್ಕೆ ಆ ನುಸುಳುವಿಕೆ ಎಲ್ಲಿ ಸಾಕು?

ಉತ್ತರ ಸಿಕ್ಕಿದ್ದು ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ ಅವರಿಗೆ, ಅದೂ ರಕ್ತದ ಗುಂಪಿಗೆ ಸಂಬಂಧಿಸಿದ ಬೇರೇನನ್ನೋ ಹುಡುಕುತ್ತಿದ್ದಾಗ. ಕೆಂಪು ರಕ್ತಕಣದಲ್ಲಿ ಸಿಕ್ಕ ಒಂದು ಪ್ರೋಟೀನನ್ನು ಅವರ ತಂಡ ಕಪ್ಪೆಯ ಅಂಡಾಣುಗಳಲ್ಲಿ ತಯಾರಾಗುವಂತೆ ಮಾಡಿ, ಆಮೇಲೆ ಅವನ್ನು ಉಪ್ಪು ಕಡಿಮೆ ಇರುವ ನೀರಿಗೆ ಹಾಕಿತು. ಅವು ಊದಿಕೊಂಡು ಒಡೆದೇ ಹೋದವು! ಆ ಪ್ರೋಟೀನ್ ಇಲ್ಲದ ಅಂಡಾಣುಗಳಿಗೆ ಹೆಚ್ಚೇನೂ ಆಗಲಿಲ್ಲ. ಇದು 1992ರ ಮಾತು. ಆ ಪ್ರೋಟೀನೇ ಅಕ್ವಾಪೋರಿನ್, ಪೊರೆಯಲ್ಲಿ ನೀರಿಗೆಂದೇ ಇರುವ ದಾರಿ. ಇಂಥ ಒಂದೊಂದು ದಾರಿಯಲ್ಲೂ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಹೋಗಬಲ್ಲವು, ಒಂದರ ಹಿಂದೆ ಒಂದು. ಆದರೆ ದಾರಿಯೊಳಗಿನ ಧನ ಆವೇಶ, ತಮ್ಮಲ್ಲೂ ಧನ ಆವೇಶವಿರುವ ಪ್ರೋಟಾನ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ತೂತು ಸಣ್ಣದಿದ್ದರೆ ಸಾಕು, ದೊಡ್ಡದನ್ನೆಲ್ಲ ತಡೆಯುತ್ತದೆ ಅಂದುಕೊಳ್ಳಬೇಡಿ. ಪೊಟ್ಯಾಸಿಯಂಗೆಂದೇ ಪೊರೆಯಲ್ಲಿರುವ ಬೇರೆ ದಾರಿಯಲ್ಲಿ ಅದಕ್ಕಿಂತ ಚಿಕ್ಕದಾದ ಸೋಡಿಯಂ ಹೋಗಲಾರದು! ಎರಡೂ ನೀರಿನ ಅಣುಗಳನ್ನು ಸುತ್ತಿಕೊಂಡೇ ಇರುತ್ತವೆ, ಒಳಗೆ ಹೋಗಬೇಕಾದರೆ ಅವನ್ನು ಕಳಚಬೇಕು. ಆ ನೀರಿನ ಜಾಗ ತುಂಬಲು ದಾರಿಯ ಗೋಡೆಯಲ್ಲಿ ಆಕ್ಸಿಜನ್ ಪರಮಾಣುಗಳಿವೆ, ಆದರೆ ಅವುಗಳ ಅಂತರ ಪೊಟ್ಯಾಸಿಯಂಗೆ ಸರಿಯಾಗಿದೆ. ಸೋಡಿಯಂಗೆ ಅವು ಎಟುಕುವುದಿಲ್ಲ, ಹಾಗಾಗಿ ಅದು ನೀರನ್ನು ಬಿಟ್ಟು ಬರುವುದಿಲ್ಲ. ಈ ರಚನೆಯನ್ನು 1998ರಲ್ಲಿ ತೋರಿಸಿದ ರಾಡರಿಕ್ ಮೆಕಿನನ್ ಅವರಿಗೂ ಆಗ್ರೆ ಅವರಿಗೂ 2003ರ ರಸಾಯನಶಾಸ್ತ್ರ ನೊಬೆಲ್ ಒಟ್ಟಿಗೇ ಬಂತು.

ಇನ್ನೊಂದು ವಿಷಯ. ಈ ದಾರಿಗಳಿಗೆ ಸುಮ್ನೆ ಹರಿಯಲು ಬಿಡುವುದಷ್ಟೇ ಗೊತ್ತು. ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಒಯ್ಯಲು ಶಕ್ತಿ ಬೇಕು. ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂಬ ಪ್ರೋಟೀನ್, ಕೋಶಕ್ಕೆ ಶಕ್ತಿ ಕೊಡುವ ಎಟಿಪಿಯ ಒಂದು ಅಣು ಖರ್ಚು ಮಾಡಿ 3 ಸೋಡಿಯಂ ಹೊರಗೆ ಹಾಕುತ್ತದೆ, 2 ಪೊಟ್ಯಾಸಿಯಂ ಒಳಗೆ ತರುತ್ತದೆ. ನೀರಿಗೆ ಅಂಥ ಪಂಪ್ ಇಲ್ಲ. ಉಪ್ಪಿನಂಶ ಎತ್ತ ಜಾಸ್ತಿಯೋ ಅತ್ತ ನೀರು ಹೋಗುತ್ತದೆ. ಅದಕ್ಕೇ ಎಟಿಪಿ ಮುಗಿದು ಈ ಪಂಪ್ ನಿಂತರೆ ಸೋಡಿಯಂ ಒಳಗೆ ಸೇರುತ್ತಾ ಹೋಗುತ್ತದೆ, ಅದರ ಹಿಂದೆಯೇ ನೀರೂ ಬಂದು ಕೋಶ ಊದಿಕೊಳ್ಳುತ್ತದೆ.