ಓದು-ಬರಹದ ಅವಧಿಯಲ್ಲಿ ಮಕ್ಕಳು ತಾವೇ ಆರಿಸಿಕೊಂಡು ಕಲಿಯುವಂತೆ ಮಾಡುವುದು ಹೇಗೆ?

ಓದು, ಬರವಣಿಗೆ, ಪದಾಭ್ಯಾಸ ಎಂಬ ಎಲ್ಲ ಆಯ್ಕೆಗಳನ್ನೂ ಮೊದಲ ದಿನವೇ ಮುಂದಿಡಬೇಡಿ. ಗದ್ದಲ ಹುಟ್ಟುವುದೇ ಅಲ್ಲಿ. ಒಬ್ಬರೇ ಕುಳಿತು ಓದುವುದನ್ನಷ್ಟೇ ಮೊದಲು ರೂಢಿಸಿ. ಎಲ್ಲಿ ಕೂರಬೇಕು, ಪುಸ್ತಕ ಮುಗಿದರೆ ಏನು ಮಾಡಬೇಕು ಎಂಬುದನ್ನು ಮಾಡಿ ತೋರಿಸಿ, ಅವರಿಂದಲೂ ಮಾಡಿಸಿ. 3 ನಿಮಿಷದಿಂದ ಆರಂಭಿಸಿ, ಗಮನ ಚದುರಿದ ಕೂಡಲೇ ನಿಲ್ಲಿಸಿ, ಮರುದಿನ ತುಸು ಹೆಚ್ಚಿಸಿ. ಆಮೇಲೆ ಜೊತೆಗಾರರೊಂದಿಗೆ ಓದು, ಬರವಣಿಗೆ, ಪದಾಭ್ಯಾಸ ಒಂದೊಂದಾಗಿ ಸೇರಲಿ. ಎಲ್ಲವೂ ರೂಢಿಯಾದ ಮೇಲೆ, ಆ ದಿನ ಯಾವುದು ಮೊದಲು ಎಂಬುದನ್ನು ಮಗುವೇ ನಿರ್ಧರಿಸಲಿ.

ಪುಸ್ತಕದ ಆಯ್ಕೆಯೂ ಮಗುವಿನದೇ. ಒಂದು ಪುಟದಲ್ಲಿ 5 ಅಥವಾ ಹೆಚ್ಚು ಪದಗಳು ತಿಳಿಯದಿದ್ದರೆ ಅದು ಸದ್ಯಕ್ಕೆ ಕಷ್ಟ ಎಂಬ ಅಂದಾಜನ್ನು ಹೇಳಿಕೊಡಿ. ಆದರೂ ಆಸೆಪಟ್ಟು ಹಿಡಿದ ಪುಸ್ತಕವನ್ನು ದಯವಿಟ್ಟು ಕಿತ್ತುಕೊಳ್ಳಬೇಡಿ. ಮಕ್ಕಳು ತಮ್ಮ ಪಾಡಿಗೆ ಕಲಿಯುವ ಹೊತ್ತಿನಲ್ಲಿ ಕಾವಲು ಕಾಯುತ್ತಾ ತರಗತಿ ಸುತ್ತುವುದಕ್ಕಿಂತ, ಒಬ್ಬೊಬ್ಬರ ಪಕ್ಕ ಕುಳಿತು ಓದಿಸಿ ಕೇಳಿ.