ಸಿಎನ್‌ಎ ಕೆಲಸ ಹೆಚ್ಚೋ, ನರ್ಸ್ ಕೆಲಸ ಹೆಚ್ಚೋ?

ಪ್ರಶ್ನೆ: ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಿ, ಅಲ್ಲಿನ ಒಂದು ನರ್ಸಿಂಗ್ ಹೋಮ್‌ಗೆ ಆರ್‌ಎನ್ (ನೋಂದಾಯಿತ ನರ್ಸ್) ಆಗಿ ಹೊರಟಿದ್ದೇನೆ. ಅಲ್ಲಿ ವಯಸ್ಸಾದವರು ವರ್ಷಗಟ್ಟಲೆ ಇರುತ್ತಾರೆ; ಸ್ನಾನ, ಬಟ್ಟೆ, ಊಟ ಎಲ್ಲ ಸಿಎನ್‌ಎ ಎಂಬ ಸಹಾಯಕಿಯರ ಪಾಲು. ‘ನರ್ಸ್‌ಗಳು ಬರೀ ಮಾತ್ರೆ ಕೊಡುತ್ತಾರೆ, ದುಡಿಯುವವರು ನಾವು’ ಎಂಬ ತಕರಾರು ಸದಾ ಇರುತ್ತದಂತೆ. ನಿಜಕ್ಕೂ ಯಾರ ಹೊರೆ ಹೆಚ್ಚು?

ಉತ್ತರ: ಮೈ ದಣಿಯುವ ಲೆಕ್ಕದಲ್ಲಿ ಸಿಎನ್‌ಎಗಳದೇ ಹೆಚ್ಚು. ಬೆಳಗಿನ ಪಾಳಿಯಲ್ಲಿ ಒಬ್ಬಳ ಪಾಲಿಗೆ 10 ಜನ ಬಂದರೆಂದು ಇಟ್ಟುಕೊಳ್ಳಿ. ಎಬ್ಬಿಸಿ, ಮೈ ಒರೆಸಿ, ಬಟ್ಟೆ ತೊಡಿಸಿ ಗಾಲಿಕುರ್ಚಿಯಲ್ಲಿ ಕೂರಿಸಲು ತಲಾ 25 ನಿಮಿಷ ಎಂದರೆ 250 ನಿಮಿಷ. ಅವರಲ್ಲಿ ಆರು ಜನರಿಗೆ ಮೂರು ಸಲ ಡೈಪರ್ ಬದಲಿಸಲು, ಸಲಕ್ಕೆ 10 ನಿಮಿಷದಂತೆ, 180. ತಾವಾಗಿ ಉಣ್ಣಲಾಗದ ಇಬ್ಬರಿಗೆ ಎರಡು ಹೊತ್ತು ಉಣಿಸಲು ಇನ್ನು 80. ಒಟ್ಟು 510 ನಿಮಿಷ. ಅರ್ಧ ಗಂಟೆ ಬಿಡುವು ಕಳೆದರೆ ಎಂಟು ಗಂಟೆಯ ಪಾಳಿಯಲ್ಲಿ ಇರುವುದೇ 450. ಕರೆಗಂಟೆಗೆ ಓಡುವುದು, ಹಾಸಿಗೆ ಸರಿಪಡಿಸುವುದು, ದಾಖಲೆ ಬರೆಯುವುದು ಇದರಲ್ಲಿ ಸೇರಿಯೇ ಇಲ್ಲ. ಎತ್ತುವ ಯಂತ್ರ ಬಳಸುವಾಗ ಸಾಮಾನ್ಯವಾಗಿ ಇಬ್ಬರು ಬೇಕು. ಜೊತೆಗಾರ್ತಿ ಸಿಗುವವರೆಗೆ ಕಾಯಬೇಕು. ಕಾಯಲಾರದೆ ಒಬ್ಬಳೇ ಎತ್ತಲು ಹೋದಾಗಲೇ ಬೆನ್ನು ಉಳುಕುವುದು. ಕೈಯಿಂದ ಎತ್ತುವ ಭಾರ ಸುಮಾರು 16 ಕಿಲೋ ಮೀರಬಾರದೆಂದು ಅಲ್ಲಿನ ಸುರಕ್ಷತಾ ತಜ್ಞರ ಸಲಹೆಯಿದೆ. ಇಷ್ಟೆಲ್ಲ ಹೊರುವವರಿಗೆ ಕೇಂದ್ರ ಕಾನೂನು ಕೇಳುವ ಕನಿಷ್ಠ ತರಬೇತಿ 75 ಗಂಟೆ ಮಾತ್ರ.

ನಿಮ್ಮ ಹೊರೆಯೂ ಹಗುರವಲ್ಲ, ಅದರ ಬಗೆ ಬೇರೆ. 25 ಜನರಿಗೆ ಔಷಧಿ ಹಂಚಲು ತಲಾ ಐದು ನಿಮಿಷ ಎಂದರೂ ಎರಡು ಗಂಟೆ ದಾಟುತ್ತದೆ. ಮಾತ್ರೆ ಪುಡಿಮಾಡಿ ಕೊಡಬೇಕಾದವರು, ಹೊಟ್ಟೆಗೆ ನಳಿಕೆ ಇರುವವರು ಇದ್ದರೆ ಇನ್ನೂ ಹೆಚ್ಚು. ಊಟಕ್ಕೆ ಮುಂಚೆ ಸಕ್ಕರೆ ಪರೀಕ್ಷೆ, ಇನ್ಸುಲಿನ್ ಮುಗಿದಿರಬೇಕು. ಔಷಧಿ ತಪ್ಪುಗಳ ಪ್ರಮಾಣ ಶೇ 5 ಮುಟ್ಟಿದರೆ ತಪಾಸಣೆಯಲ್ಲಿ ಸಂಸ್ಥೆ ಸಿಕ್ಕಿಬೀಳುತ್ತದೆ. ನಿಮ್ಮ ಕೈಯಿಂದಾದ ತಪ್ಪಿಗೆ ನಿಮ್ಮ ಲೈಸೆನ್ಸ್ ಹೊಣೆ.

ಆದರೆ ಈ ಎರಡು ಹೊರೆ ಬೇರೆಬೇರೆ ನಿಂತಿಲ್ಲ. ಸಿಎನ್‌ಎಗಳು ಕಡಿಮೆಯಾದ ದಿನ ಮೊದಲು ತಪ್ಪುವುದು ಮಗ್ಗುಲು ಬದಲಿಸುವುದು, ಶೌಚಕ್ಕೆ ಕರೆದೊಯ್ಯುವುದು, ನಿಧಾನಕ್ಕೆ ಉಣಿಸುವುದು, ನಡೆದಾಡಿಸುವುದು. ಅಂದೇ ಏನೂ ಕಾಣುವುದಿಲ್ಲ. ಬರಬರುತ್ತ ಸೊಂಟದ ಕೆಳಗೆ ಒತ್ತುಹುಣ್ಣು ಏಳುತ್ತದೆ, ತೂಕ ಇಳಿಯುತ್ತದೆ. ತಡೆಯಲಾರದೆ ಒಬ್ಬರೇ ಶೌಚಕ್ಕೆದ್ದವರು ಬೀಳುತ್ತಾರೆ. ಆಗ ಹುಣ್ಣಿಗೆ ಡ್ರೆಸಿಂಗ್, ವೈದ್ಯರಿಗೆ ಫೋನು, ಮನೆಯವರಿಗೆ ಉತ್ತರ, ಘಟನೆಯ ವರದಿ ಎಲ್ಲ ನಿಮ್ಮ ತಲೆಗೇ. ಹಾಗಾಗಿ ಔಷಧಿ ಗಾಡಿ ನಿಲ್ಲಿಸಿ ಎರಡು ನಿಮಿಷ ಮಗ್ಗುಲು ಬದಲಿಸಲು ಕೈಜೋಡಿಸುವುದು ಉಪಕಾರವೇನಲ್ಲ, ನಿಮ್ಮದೇ ಕೆಲಸ. ಇನ್ಸುಲಿನ್ ಹಾಕುವ ಮಧ್ಯೆ ಮಾತ್ರ ಬೇಡ. ‘ಹತ್ತು ನಿಮಿಷದಲ್ಲಿ ಬರುತ್ತೇನೆ’ ಎಂದು ಹೇಳಿ, ಹೇಳಿದಂತೆ ಹೋಗಿ.

ಪಾಳಿ ಶುರುವಾದಾಗ ಐದು ನಿಮಿಷ ಎಲ್ಲರೂ ನಿಂತು ಮಾತಾಡಿ: ಯಾರಿಗೆ ಇಬ್ಬರ ನೆರವು ಬೇಕು, ಯಾರಿಗೆ ನುಂಗುವ ತೊಂದರೆ, ಯಾರ ಚರ್ಮ ಕೆಂಪಾಗಿದೆ. ಹಂಚುವಾಗ ತಲೆ ಎಣಿಸಬೇಡಿ, ಭಾರ ನೋಡಿ. ಎತ್ತಲೇಬೇಕಾದ ನಾಲ್ವರೂ ಒಬ್ಬಳಿಗೇ ಬಂದರೆ ಅವಳ ಪಾಳಿ ಮಧ್ಯಾಹ್ನಕ್ಕೇ ಕೆಟ್ಟಂತೆ. ‘ಅಜ್ಜಿ ಇವತ್ತು ಮಂಕಾಗಿದ್ದಾರೆ’ ಎಂದು ಸಿಎನ್‌ಎ ಹೇಳಿದರೆ ತಕ್ಷಣ ಹೋಗಿ ನೋಡಿ. ಮೂತ್ರದ ಸೋಂಕು, ನ್ಯುಮೋನಿಯಾ ವಯಸ್ಸಾದವರಲ್ಲಿ ಜ್ವರಕ್ಕಿಂತ ಮೊದಲು ಹೀಗೆಯೇ ಕಾಣಿಸಿಕೊಳ್ಳಬಹುದು.

ಕಾನೂನಿನ ಬೆಂಬಲ ದುರ್ಬಲ. ಪ್ರತಿ ನಿವಾಸಿಗೆ ದಿನಕ್ಕೆ 2.45 ಗಂಟೆ ಸಹಾಯಕಿಯರ, 0.55 ಗಂಟೆ ಆರ್‌ಎನ್ ಆರೈಕೆ ಸಿಗಲೇಬೇಕೆಂದು 2024ರಲ್ಲಿ ಕೇಂದ್ರ ನಿಯಮ ಬಂತು. 2025ರಲ್ಲಿ ಟೆಕ್ಸಸ್‌ನ ನ್ಯಾಯಾಲಯ ಅದನ್ನು ರದ್ದುಮಾಡಿತು. ಆ ಅಂಕಿ ಅಳತೆಗೋಲಾಗಿ ಈಗಲೂ ಉಪಯುಕ್ತ: 60 ನಿವಾಸಿಗಳಿದ್ದರೆ ಸಹಾಯಕಿಯರ 147 ಗಂಟೆ, ಅಂದರೆ ಎಂಟು ಗಂಟೆಯ ಸುಮಾರು 18 ಪಾಳಿ. ಕರಾರಿಗೆ ಸಹಿ ಹಾಕುವ ಮುನ್ನ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ‘ಕೇರ್ ಕಂಪೇರ್’ ಜಾಲತಾಣದಲ್ಲಿ ಆ ಸಂಸ್ಥೆಯ ಹೆಸರು ಹುಡುಕಿ, ಸಹಾಯಕಿಯರ ಗಂಟೆಗಳನ್ನೂ ವಾರಾಂತ್ಯದ ಸಿಬ್ಬಂದಿಯನ್ನೂ ಎಷ್ಟು ಜನ ಕೆಲಸ ಬಿಟ್ಟಿದ್ದಾರೆಂಬುದನ್ನೂ ನೋಡಿ. ಅಲ್ಲಿಯ ಗಂಟೆಗಳು ಸಂಬಳದ ದಾಖಲೆಯಿಂದ ಬಂದವು. ಸಂಸ್ಥೆಗೆ ಹೋದ ಮೇಲೆ, ಆ ದಿನ ಎಷ್ಟು ಸಿಬ್ಬಂದಿ ಇದ್ದಾರೆಂಬ ಫಲಕ ಎಲ್ಲರಿಗೂ ಕಾಣುವಂತೆ ಹಾಕಿರಲೇಬೇಕು, ಅದನ್ನೂ ಓದಿ.