ಶಾಲು ಹೊದಿಸಿದ್ರೆ ಮುಗೀತಾ?

ಡೊಂಬಿವಲಿಯ ಹಿರಿಯರೇ, ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದ್ದೆ. ಮೂವತ್ತು ವರ್ಷ ಹೋಟ್ಲಿನವರ ಸಂಘಕ್ಕೆ ಒಂದು ಪೈಸೆ ತಗೊಳ್ದೆ ದುಡಿದವ್ರಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಅತಿಥಿಗಳ ಭಾಷಣ ಎಲ್ಲ ಮುಗಿದ್ಮೇಲೆ ಮಾತಾಡೋಕೆ ಮೂರು ನಿಮಿಷ, ಅದನ್ನೂ ನಿಮ್ಮ ಪತ್ರಿಕೆ ಒಂದು ಫೋಟೋ ಹಾಕಿ ಮುಗಿಸ್ತಲ್ಲ ಅಂತ ಕೇಳಿದ್ದೀರಿ. ಸರಿಯಾಗೇ ಕೇಳಿದ್ದೀರಿ. ಫೋಟೋ ಕೆಳಗೆ ಗಣ್ಯರ ಹೆಸರೆಲ್ಲ ಬಂತು, ಅಣ್ಣ ಮಾಡಿದ ಕೆಲಸದ ಬಗ್ಗೆ ಒಂದು ಸಾಲೂ ಬರ್ಲಿಲ್ಲ, ತಪ್ಪು ನಮ್ದೇ. (ಇಲ್ಲಿ ಹೆಸರು ಬೇಡ ಅಂತ ಫೋನಲ್ಲಿ ಅವ್ರೇ ಹೇಳಿದ್ದಾರೆ, ಹಾಗಾಗಿ ಅಣ್ಣ ಅಂತಾನೇ ಬರೀತೀನಿ.)

2017ರ ಜುಲೈ ನೆನಪಿದ್ಯಾ? ಜಿಎಸ್‌ಟಿ ಬಂದ ಹೊಸತು. ನಾನ್ ಎಸಿಗೆ 12, ಎಸಿಗೆ 18 ಪರ್ಸೆಂಟ್, ಆದ್ರೆ ನಮ್ಮ ಉಡುಪಿ ಹೋಟ್ಲುಗಳಲ್ಲಿ ಕೆಳಗೆ ಫ್ಯಾನು, ಮೇಲೆ ಎಸಿ ಫ್ಯಾಮಿಲಿ ರೂಮು, ಮೇಲೊಂದು ಎಸಿ ಇದ್ರೆ ಸಾಕು ಕೆಳಗೆ ಕೂತು ಇಡ್ಲಿ ತಿಂದವ್ರಿಗೂ ಪಾರ್ಸೆಲ್ ತಗೊಂಡವ್ರಿಗೂ 18 ಹಾಕ್ಬೇಕು, ಗಲ್ಲಾದಲ್ಲಿ ದಿನಾ ಜಗಳ. ಆಗ ಅಣ್ಣ ರಾತ್ರಿ ಶಟರ್ ಎಳೆದ್ಮೇಲೆ ಮುಂಬೈಯ ಮಾಟುಂಗಾದಲ್ಲಿ ಸಣ್ಣ ಹೋಟ್ಲಿನವ್ರನ್ನ ಕೂರಿಸ್ಕೊಂಡು ಬಿಲ್ಲು ಹೇಗೆ ಹರೀಬೇಕು ಅಂತ ತುಳುವಲ್ಲಿ ಹೇಳ್ಕೊಡ್ತಿದ್ರು. ನವೆಂಬರ್ 15ಕ್ಕೆ ಎಲ್ಲಾ 5 ಪರ್ಸೆಂಟ್ ಆಯ್ತು, ಆದ್ರೆ ಇನ್‌ಪುಟ್ ಕ್ರೆಡಿಟ್, ಅಂದ್ರೆ ಸಾಮಾನು ತರುವಾಗ ಕಟ್ಟಿದ ತೆರಿಗೆ ಕಳೆದುಕೊಳ್ಳೋ ಅವಕಾಶ, ಹೋಯ್ತು, ಮತ್ತೆ ಮೊದ್ಲಿಂದ ಪಾಠ. ಅದೇ ಡಿಸೆಂಬರಲ್ಲಿ ಮುಂಬೈಯ ಕಮಲಾ ಮಿಲ್ಸ್ ಆವರಣದ ರೂಫ್‌ಟಾಪ್ ರೆಸ್ಟೋರೆಂಟ್ ಬೆಂಕಿಯಲ್ಲಿ 14 ಜನ ಹೋದ್ರು. ಅದಾದ್ಮೇಲೆ ಅಣ್ಣ ಗ್ಯಾಸ್ ಸಿಲಿಂಡರ್ ಎಲ್ಲಿಟ್ಟಿದ್ದೀರಿ, ಮೆಟ್ಲಲ್ಲಿ ಈರುಳ್ಳಿ ಮೂಟೆ ಯಾಕಿದೆ ಅಂತ ಒಂದೊಂದೇ ಹೋಟ್ಲಿಗೆ ಹೋಗಿ ಬೈದು ಬಂದ್ರು. ಮರುವರ್ಷದ ಪ್ಲಾಸ್ಟಿಕ್ ನಿಷೇಧದ ಗಲಾಟೆ ನಿಮಗೆ ಗೊತ್ತೇ ಇದೆ, ಸಾಂಬಾರು ಪಾರ್ಸೆಲ್ ಕಟ್ಟೋದು ಯಾವುದ್ರಲ್ಲಿ ಅಂತ.

ಆದ್ರೆ ನನ್ನ ಮನಸ್ಸಲ್ಲಿ ಉಳಿದಿರೋದು 2020ರ ಲಾಕ್‌ಡೌನ್. ಹೋಟ್ಲು ಬಂದ್, ಅಲ್ಲೇ ಅಟ್ಟದಲ್ಲಿ ಮಲಗೋ ಹುಡುಗ್ರಿಗೆ ಬೇರೆ ಮನೆ ಎಲ್ಲಿದೆ? ಆ ಹುಡುಗ್ರ ಲಿಸ್ಟು, ಆಧಾರ್ ನಂಬರು, ಕರ್ನಾಟಕಕ್ಕೆ ಬರೋಕೆ ಬೇಕಿದ್ದ ಸೇವಾ ಸಿಂಧು ಪಾಸು, ಬಸ್ಸು, ಉಡುಪಿ ಜಿಲ್ಲೆ ಗಡಿಯ ಶಿರೂರು ಚೆಕ್‌ಪೋಸ್ಟಲ್ಲಿ ನಿಲ್ಲಿಸಿದ್ರೆ ಯಾರಿಗೆ ಫೋನ್ ಮಾಡ್ಬೇಕು, ಅಷ್ಟೂ ಒಂದು ಹಳೇ ಲೆಕ್ಕದ ಪುಸ್ತಕದಲ್ಲಿ ಬರ್ಕೊಂಡು ಎಪ್ಪತ್ತು ದಾಟಿದ ಮನುಷ್ಯ ಮನೇಲಿ ಕೂತು ಮಾಡಿಸಿದ್ರು. ಕುಂದಾಪುರ ಮುಟ್ಟಿದ ಹುಡುಗ ಫೋನ್ ಮಾಡೋವರೆಗೂ ಊಟಕ್ಕೆ ಏಳ್ತಿರ್ಲಿಲ್ಲ ಅಂತ ಅವ್ರ ಮನೆಯವ್ರೇ ನನ್ನತ್ರ ಹೇಳಿದ್ದು. ಅಕ್ಟೋಬರ್ 5ಕ್ಕೆ ಅರ್ಧ ಸೀಟಿನಲ್ಲಿ ಹೋಟ್ಲು ತೆಗೆದಾಗ ಅದೇ ಪುಸ್ತಕ ನೋಡಿ ಹುಡುಗ್ರನ್ನ ವಾಪಸ್ ಕರ್ದಿದ್ದು.

ಹಮ್ಮಿಣಿ (ಗೌರವದ ಹಣದ ಚೀಲ) ಅರ್ಪಿಸ್ಬೇಕಿತ್ತು ಅಂತ ಬರೆದಿದ್ದೀರಲ್ಲ, ಅದನ್ನ ಮಾತ್ರ ನಾನು ಒಪ್ಪಲ್ಲ. ಕೊಟ್ಟಿದ್ರೂ ತಗೊಳ್ತಿರ್ಲಿಲ್ಲ. ಇವತ್ತಿಗೂ ಲೈಸೆನ್ಸ್ ರಿನ್ಯೂವಲ್ ಬಂತು ಅಂದ್ರೆ ಎಲ್ರೂ ಅವ್ರಿಗೇ ಫೋನ್ ಮಾಡ್ತಾರೆ, ಪಕ್ಕ ಕೂತು ಕಲ್ಯೋಕೆ ಒಬ್ಬ ಹುಡುಗನೂ ಬರಲ್ಲ, ಅವ್ರಿಗೆ ನೋವಿರೋದು ಅಲ್ಲಿ.

ಅದಕ್ಕೆ ಮುಂದಿನ ತಿಂಗಳಿಂದ ಅವ್ರ ಮನೆಗೆ ಹೋಗಿ ಆ ಪುಸ್ತಕ ಮುಂದಿಟ್ಕೊಂಡು ಅವ್ರು ಹೇಳಿದ್ದನ್ನ ರೆಕಾರ್ಡ್ ಮಾಡಿ ಕಂತು ಕಂತಾಗಿ ಹಾಕ್ತೀವಿ. ನಿಮ್ಮ ಹತ್ರ ಸಂಘದ ಹಳೇ ಸರ್ಕ್ಯುಲರ್ ಇದ್ರೆ ತಗೊಂಡು ಬನ್ನಿ, ನಿಮ್ಮ ಮಗನೂ ಇದೇ ಧಂದೆಯಲ್ಲಿದ್ದಾನೆ ಅಂತ ಬರೆದಿದ್ದೀರಿ, ಅವ್ನನ್ನೂ ಕರ್ಕೊಂಡು ಬನ್ನಿ.